ಕಲೆಯನ್ನೇ ಕಾಯಕವಾಗಿಸಿಕೊಂಡ ಗುಬ್ಬಿ ವೀರಣ್ಣನವರು

ತುಮಕೂರು ಜಿಲ್ಲೆಯ ಗುಬ್ಬಿಯೆಂದರೆ ಭಕ್ತಾದಿಗಳಿಗೆ ಮೊದಲು ನೆನಪಾಗುವುದು ಗೋಸಲ ಶ್ರೀ ಚನ್ನಬಸವೇಶ್ವರಸ್ವಾಮಿಯವರ ಸನ್ನಿಧಿ ಮತ್ತು ಅಲ್ಲಿ ವರ್ಷಂಪ್ರತಿ ನಡೆಯುವ ಜಾತ್ರೆ. ಸಾಹಿತ್ಯಾಭ್ಯಾಸಿಗಳಿಗೆ ನೆನಪಾಗುವವನು 16ನೆಯ ಶತಮಾನದ ಕವಿ ಗುಬ್ಬಿಯ ಮಲ್ಲಣಾರ್ಯ. ‘ಭಾವಚಿಂತಾರತ್ನ’ವನ್ನೂ ‘ವೀರಶೈವಾಮೃತ ಪುರಾಣ’ವನ್ನೂ ಕನ್ನಡಕ್ಕೆ ಕೊಟ್ಟ ಊರು ಅದು. ಆದರೆ ಕಳೆದ ಶತಮಾನದಲ್ಲಿ ಕನ್ನಡ ನಾಡಿನ ಊರೂರಿಗೆ, ಅಲ್ಲಿಂದಾಚೆ ಆಂಧ್ರ ಮತ್ತು ತಮಿಳು ಸೀಮೆಗಳಿಗೆ, ಗುಬ್ಬಿಯ ಹೆಸರನ್ನು ಹೊತ್ತು ತಿರುಗಿದ್ದು ಒಂದು ನಾಟಕ ಕಂಪನಿ. ಜನ ಅದನ್ನು ಗುಬ್ಬಿ ಕಂಪನಿಯೆಂದೇ ಕರೆದರು. ಅದರ ಪೂರ್ಣ ಹೆಸರು ಗುಬ್ಬಿ ಶ್ರೀ ಚನ್ನಬಸವೇಶ್ವರ ಕೃಪಾಪೋಷಿತ ನಾಟಕ ಸಂಘ. ಊರ ಸ್ವಾಮಿಯ ಕೃಪೆಯಿಂದ ಪೋಷಿತವಾದ ಸಂಘವೆಂದು ತನ್ನನ್ನು ತಾನು ಕರೆದುಕೊಂಡ ಆ ಕಂಪನಿಗೆ ಅರ್ಧ ಶತಮಾನಕ್ಕೂ ಮಿಕ್ಕಿದ ಕಾಲ ಉಸಿರಾಗಿದ್ದವರು ಗುಬ್ಬಿ ಹಂಪಣ್ಣ ವೀರಣ್ಣನವರು.

ವೀರಣ್ಣನವರು ತಮ್ಮ ಆತ್ಮಕಥೆಗೆ ‘ಕಲೆಯೇ ಕಾಯಕ’ ಎಂದು ಹೆಸರಿಟ್ಟರು. ಈ ಲೇಖನವನ್ನು ಮಠದ ಜಾಲತಾಣಕ್ಕೆ ಬರೆಯಬೇಕೆಂಬ ಮನಸ್ಸಾದದ್ದು ಆ ಹೆಸರಿನಿಂದಲೇ. ನಾಟಕದವರ ಬದುಕನ್ನು ಅವರ ಕಾಲದ ಸಮಾಜ ಯಾವ ಕಣ್ಣಿನಿಂದ ನೋಡುತ್ತಿತ್ತು ಎಂಬುದನ್ನು ಬಲ್ಲವರಿಗೆ, ಆ ಎರಡು ಪದಗಳನ್ನು ಒಟ್ಟಿಗೆ ಇಡಲು ಎಷ್ಟು ಧೈರ್ಯ ಬೇಕಾಗಿತ್ತೆಂಬುದು ತಿಳಿದೀತು. ವೇಷ ಹಾಕುವವರಿಗೆ ಬಾಡಿಗೆಗೆ ಮನೆ ಸಿಗುತ್ತಿರಲಿಲ್ಲ; ಹೆಣ್ಣು ಕೊಡುವವರಿರಲಿಲ್ಲ. ನಮ್ಮ ಅಜ್ಜಿಯ ಅಣ್ಣನೊಬ್ಬರು ಹುಡುಗುತನದಲ್ಲಿ ಮನೆಬಿಟ್ಟು ಯಾವುದೋ ಕಂಪನಿಯನ್ನು ಸೇರಿದ್ದರಂತೆ. ಹತ್ತು ವರ್ಷಗಳ ಅನಂತರ ಮನೆತನದ ಮದುವೆಯೊಂದಕ್ಕೆ ಅವರು ಬಂದಾಗ ಹಿರಿಯರು ಪಂಕ್ತಿಯಲ್ಲಿ ಕೂರಿಸಲಿಲ್ಲ. ಅವರು ಚಪ್ಪರದ ಹೊರಗೆ ಉಂಡು, ಹೊತ್ತು ಮೂಡುವ ಮೊದಲೇ ಹೊರಟುಹೋದರು, ಮತ್ತೆ ಬರಲಿಲ್ಲ. ಅಜ್ಜಿ ಇದನ್ನು ಹೇಳುವಾಗ ಪ್ರತಿಸಲವೂ ಅಲ್ಲಿಗೇ ನಿಲ್ಲಿಸುತ್ತಿದ್ದರು.

ವಿಚಿತ್ರವೆಂದರೆ, ಲಿಂಗವಂತ ಮನೆತನವೊಂದು ಹಾಗೆ ನಡೆದುಕೊಂಡದ್ದು ಶರಣರ ನಡೆಗೆ ನೇರ ವಿರುದ್ಧವಾಗಿತ್ತು. ಕಲ್ಯಾಣದ ಶರಣಸಂಕುಲದಲ್ಲಿ ಬಹುರೂಪಿ ಚೌಡಯ್ಯನವರು ಬಗೆಬಗೆಯ ವೇಷ ಕಟ್ಟಿ ಆಡಿದವರು. ಕಲಕೇತಯ್ಯನವರು ಕಲಕೇತರ ವೇಷದಲ್ಲಿ ಜನರ ಮುಂದೆ ನಿಂತವರು. ಜನರನ್ನು ನಗಿಸುವುದನ್ನೇ ಕಾಯಕ ಮಾಡಿಕೊಂಡಿದ್ದ ನಗೆಯ ಮಾರಿತಂದೆಗಳೂ ಅಲ್ಲಿದ್ದರು. ಇವರಾರೂ ವೇಷವನ್ನು ಹೊರಗೆ ಕಳಚಿಟ್ಟು ಅನುಭವ ಮಂಟಪದ ಒಳಗೆ ಬಂದವರಲ್ಲ. ಆ ಕಾಯಕದ ಹೆಸರಿನೊಡನೆಯೇ ಅವರ ಸ್ಮರಣೆ ಉಳಿದುಬಂದಿದೆ. ನಡುವಣ ಶತಮಾನಗಳಲ್ಲಿ ನಾವು ಅದನ್ನು ಮರೆತಿದ್ದೆವು. ವೀರಣ್ಣನವರೂ ಮೂಲತಃ ಹಾಸ್ಯನಟರು. ನಗಿಸುವುದೇ ಅವರ ಕಾಯಕವಾಗಿತ್ತು.

ಕಂಪನಿಯು ಹುಟ್ಟಿದ್ದು 1884ರಲ್ಲಿ, ಅಂದರೆ ವೀರಣ್ಣನವರು ಜನಿಸುವುದಕ್ಕೆ ಏಳು ವರ್ಷ ಮೊದಲು. ಅದು ಮೈಸೂರು ಸಂಸ್ಥಾನದಲ್ಲಿ ನಾಟಕದ ಗಾಳಿ ಬೀಸುತ್ತಿದ್ದ ಕಾಲ. ಉತ್ತರದಿಂದ ಮರಾಠಿ ಮತ್ತು ಪಾರ್ಸಿ ಕಂಪನಿಗಳು ಬಣ್ಣದ ಪರದೆಗಳನ್ನು ಹೊತ್ತು ಬಂದು ಆಡುತ್ತಿದ್ದವು. ಚಾಮರಾಜೇಂದ್ರ ಒಡೆಯರು ಅರಮನೆಯ ಆಶ್ರಯದಲ್ಲಿಯೇ ಒಂದು ನಾಟಕ ಸಭೆಯನ್ನು ಕಟ್ಟಿಸಿದ್ದರು. ಅದಕ್ಕಾಗಿ ಕಾಳಿದಾಸನ ಶಾಕುಂತಲವನ್ನು ಕನ್ನಡಕ್ಕೆ ತಂದುಕೊಟ್ಟವರು ಅಭಿನವ ಕಾಳಿದಾಸರೆಂದು ಹೆಸರಾದ ಬಸವಪ್ಪಶಾಸ್ತ್ರಿಗಳು. ಅವರು ನಮ್ಮ ಪರಂಪರೆಯ ವಿದ್ವಾಂಸರೆಂಬುದು ವಾಚಕರಿಗೆ ತಿಳಿದೇ ಇದೆ. ಅರಮನೆಯಲ್ಲಿ ಹೊತ್ತಿದ ದೀಪ ಸಣ್ಣಪುಟ್ಟ ಊರುಗಳಿಗೂ ಹಬ್ಬಿತು. ಗುಬ್ಬಿಯಲ್ಲಿ ವ್ಯಾಪಾರಸ್ಥರೂ ಕಲಾಸಕ್ತರೂ ಆದ ಕೆಲವು ಗೆಳೆಯರು ಸೇರಿ ಊರ ಸ್ವಾಮಿಯ ಹೆಸರಿನಲ್ಲಿ ಸಂಘ ಕಟ್ಟಿದರು. ಅವರಲ್ಲಿ ಮುಸಲ್ಮಾನ ಬಂಧುಗಳೂ ಇದ್ದರೆಂಬುದನ್ನು ಇಲ್ಲಿ ಹೇಳಲೇಬೇಕು. ಚನ್ನಬಸವೇಶ್ವರನ ಹೆಸರಿನ ಸಂಘಕ್ಕೆ ಹೆಗಲು ಕೊಡಲು ಅವರಿಗೂ ಸಂಕೋಚವಾಗಲಿಲ್ಲ, ಕೊಡಿಸಿಕೊಳ್ಳಲು ಇವರಿಗೂ ಆಗಲಿಲ್ಲ.

ವೀರಣ್ಣನವರು ಜನಿಸಿದ್ದು 1891ರಲ್ಲಿ. ಬಸವಪ್ಪಶಾಸ್ತ್ರಿಗಳು ಲಿಂಗೈಕ್ಯರಾದದ್ದೂ ಅದೇ ವರ್ಷ. ಇನ್ನೂ ಅಕ್ಷರಾಭ್ಯಾಸದ ವಯಸ್ಸಿನಲ್ಲಿಯೇ ಬಾಲಕ ವೀರಣ್ಣ ಕಂಪನಿಗೆ ಸೇರಿದರು. ಶಾಲೆಯ ವಿದ್ಯೆ ಅವರಿಗೆ ಹೆಚ್ಚು ದಕ್ಕಲಿಲ್ಲ. ಆದರೆ ಕಂಪನಿಯೂ ಒಂದು ಗುರುಕುಲವೇ ಆಗಿತ್ತು. ಬೆಳಗಿನ ಜಾವ ಎದ್ದು ಶ್ರುತಿಪೆಟ್ಟಿಗೆಯ ಮುಂದೆ ಕುಳಿತು ಗಂಟಲು ತಿದ್ದಿಕೊಳ್ಳಬೇಕು. ಮಧ್ಯಾಹ್ನ ಮಾತು ಬಾಯಿಪಾಠ, ಸಂಜೆ ತಾಲೀಮು, ರಾತ್ರಿ ಆಟ. ಆಟ ಮುಗಿಯುವ ಹೊತ್ತಿಗೆ ಬೆಳಕು ಹರಿಯುತ್ತಿದ್ದುದೂ ಉಂಟು. ಹುಡುಗರಿಗೆ ಮೊದಲು ಸಿಗುತ್ತಿದ್ದುದು ಬಾಲಪಾತ್ರಗಳು. ಮೀಸೆ ಚಿಗುರುವವರೆಗೆ ಸ್ತ್ರೀಪಾತ್ರಗಳು. ಗಂಟಲು ಒಡೆದ ಮೇಲೆ ಅದೃಷ್ಟವಿದ್ದರೆ ರಾಜಪಾತ್ರ, ಇಲ್ಲವಾದರೆ ಪರದೆ ಎಳೆಯುವ ಕೆಲಸ. ವೀರಣ್ಣನವರು ಈ ಮೆಟ್ಟಿಲುಗಳನ್ನು ಹತ್ತಿದವರು. ಕೊನೆಗೆ ಅವರು ನೆಲೆ ನಿಂತದ್ದು ಹಾಸ್ಯದಲ್ಲಿ.

ಹಾಸ್ಯಪಾತ್ರವೆಂದರೆ ಆ ಕಾಲದ ಕಂಪನಿ ನಾಟಕಗಳಲ್ಲಿ ಮುಖ್ಯ ಕಥೆಯ ನಡುವೆ ಪರದೆ ಬದಲಿಸಲು ಬೇಕಾದ ಹೊತ್ತನ್ನು ತುಂಬಿಸುವ ಉಪಾಯವಾಗಿತ್ತು. ಹಿಂದೆ ಅರಮನೆಯ ದೃಶ್ಯವನ್ನು ಜೋಡಿಸುತ್ತಿರುವಾಗ ಮುಂದೆ ರಸ್ತೆಯ ಪರದೆ ಇಳಿಬಿಟ್ಟು ಒಬ್ಬ ವಿದೂಷಕನನ್ನು ಕಳಿಸುವುದು ರೂಢಿ. ವೀರಣ್ಣನವರು ಬಂದ ಮೇಲೆ ಜನ ಆ ರಸ್ತೆಯ ಪರದೆಗಾಗಿಯೇ ಕಾಯತೊಡಗಿದರು. ಬೆಳ್ಳಾವೆ ನರಹರಿಶಾಸ್ತ್ರಿಗಳು ಬರೆದ ‘ಸದಾರಮೆ’ ನಾಟಕದಲ್ಲಿ ಅವರು ಆಡುತ್ತಿದ್ದ ಕಳ್ಳನ ಪಾತ್ರವಂತೂ ನಾಯಕ ನಾಯಿಕೆಯರನ್ನು ಮೀರಿ ಮನೆಮಾತಾಯಿತು. ಸುಂದರಿಯೂ ಬುದ್ಧಿವಂತೆಯೂ ಆದ ಸದಾರಮೆಯನ್ನು ಕದ್ದೊಯ್ಯುವ ಆ ಕಳ್ಳ ಕ್ರೂರಿಯಲ್ಲ. ತನ್ನ ಜಾಣತನದ ಬಗ್ಗೆ ತಾನೇ ಹೆಮ್ಮೆಪಟ್ಟುಕೊಳ್ಳುವವನು. ಕೊನೆಗೆ ಆ ಹೆಣ್ಣಿನ ಮುಂದೆ ಪೆದ್ದನಾಗುವವನು. ಕದಿಯುವವನನ್ನು ಕಂಡು ಜನ ಹೆದರಬೇಕು, ಇಲ್ಲವೇ ದ್ವೇಷಿಸಬೇಕು. ವೀರಣ್ಣನವರ ಕಳ್ಳನನ್ನು ಕಂಡು ಜನ ನಗುತ್ತಿದ್ದರು, ಮರುಗುತ್ತಲೂ ಇದ್ದರು. ಮೇಲೆ ಹೇಳಿದ ನಮ್ಮ ಅಜ್ಜಿ ಮದುವೆಯಾದ ಹೊಸದರಲ್ಲಿ, ಮನೆಯವರು ಜಾತ್ರೆಗೆಂದು ಗಾಡಿ ಕಟ್ಟಿದಾಗ, ಈ ನಾಟಕವನ್ನು ನೋಡಿದ್ದರು. ಇಳಿವಯಸ್ಸಿನಲ್ಲಿ ಅವರಿಗೆ ಮೊಮ್ಮಕ್ಕಳ ಹೆಸರು ಮರೆತುಹೋಗುತ್ತಿತ್ತು. ಕಳ್ಳ ರಂಗದ ಯಾವ ಬದಿಯಿಂದ ಬಂದನೆಂಬುದು ಮರೆಯಲಿಲ್ಲ.

1917ರ ಸುಮಾರಿಗೆ ಕಂಪನಿಯ ಒಡೆತನ ವೀರಣ್ಣನವರ ಕೈಗೆ ಬಂತು. ಆಗ ಅವರಿಗೆ ಇಪ್ಪತ್ತಾರು ವರ್ಷ. ಇಲ್ಲಿಂದ ಅವರ ಬದುಕಿನ ಇನ್ನೊಂದು ಮುಖ ಕಾಣಿಸುತ್ತದೆ. ನಟನಾಗಿ ನಗಿಸುವುದು ಬೇರೆ. ನೂರಾರು ಜನರ ಹೊಟ್ಟೆಯ ಭಾರವನ್ನು ಹೊತ್ತು ನಗಿಸುವುದು ಬೇರೆ.

ವೃತ್ತಿ ನಾಟಕ ಕಂಪನಿಯೆಂದರೆ ಏನೆಂಬುದು ಇಂದಿನ ತರುಣರಿಗೆ ತಿಳಿದಿರಲಾರದು. ಅದು ಒಂದು ಚಲಿಸುವ ಊರು. ಒಂದು ಊರಿನಲ್ಲಿ ಕ್ಯಾಂಪು ಹಾಕಬೇಕಾದರೆ ಮೊದಲು ಜಾಗ ನೋಡಿ, ಪರವಾನಗಿ ಪಡೆದು, ತಗಡಿನ ಥಿಯೇಟರು ಕಟ್ಟಬೇಕು. ರೈಲಿನಲ್ಲಿಯೂ ಎತ್ತಿನ ಗಾಡಿಗಳಲ್ಲಿಯೂ ಪರದೆಗಳು, ಸೀನುಗಳು, ಒಡವೆ ವಸ್ತ್ರಗಳ ಪೆಟ್ಟಿಗೆಗಳು, ಕಾಲು ಹಾರ್ಮೋನಿಯಂ, ತಬಲಾ, ಅಡುಗೆಯ ಕಡಾಯಿಗಳು ಬರಬೇಕು. ನಟರು, ಹಾಡುಗಾರರು, ಪರದೆ ಬರೆಯುವ ಚಿತ್ರಕಾರರು, ಬಡಗಿಗಳು, ದರ್ಜಿಗಳು, ಅಡುಗೆಯವರು, ಅವರವರ ಹೆಂಡಿರು ಮಕ್ಕಳು, ಮೇಷ್ಟರು, ಲೆಕ್ಕದವರು ಎಲ್ಲರಿಗೂ ಎರಡು ಹೊತ್ತಿನ ಊಟ ಕಂಪನಿಯದೇ. ಹಗಲು ಜಟಕಾಗಾಡಿಯಲ್ಲಿ ವಾದ್ಯ ಬಾರಿಸುತ್ತ ಹ್ಯಾಂಡ್‌ಬಿಲ್ ಹಂಚುವುದು. ಸಂಜೆ ಗಲ್ಲಾಪೆಟ್ಟಿಗೆಯ ಮುಂದೆ ನೆಲ, ಬೆಂಚು, ಕುರ್ಚಿಗಳ ಟಿಕೆಟು. ಮಳೆ ಬಂದರೆ ಆಟವಿಲ್ಲ. ಊರಿಗೆ ಪ್ಲೇಗು ಬಂದರೆ ಕ್ಯಾಂಪೇ ಇಲ್ಲ. ಆಟವಿಲ್ಲದ ದಿನವೂ ಒಲೆ ಉರಿಯಲೇಬೇಕು. ನಮ್ಮ ಮಠಗಳಲ್ಲಿ ದಾಸೋಹದ ಜವಾಬ್ದಾರಿ ಹೊತ್ತವರಿಗೆ ಈ ಮಾತಿನ ತೂಕ ಗೊತ್ತು. ಅಕ್ಕಿಯ ಮೂಟೆ ಬರಿದಾಗುತ್ತಿರುವುದನ್ನು ನೋಡುತ್ತ ಬಂದವರನ್ನು ನಗುಮುಖದಿಂದ ಪಂಕ್ತಿಗೆ ಕರೆಯುವುದು ಸುಲಭದ ಸಂಗತಿಯಲ್ಲ.

ಕಂಪನಿಯ ಆ ಪಂಕ್ತಿಯಲ್ಲಿ ಹಲವು ಜಾತಿ ಮತಗಳವರು ಕೂಡಿ ಬಾಳಿದರು. ಚಪ್ಪರದ ಹೊರಗೆ ಉಂಡು ಹೋದ ನಮ್ಮ ಆ ಅಜ್ಜನಿಗೆ ಮನೆಯಲ್ಲಿ ಸಿಗದ ಪಂಕ್ತಿ ಇಂಥದೇ ಒಂದು ಕಂಪನಿಯಲ್ಲಿ ಸಿಕ್ಕಿರಬೇಕೆಂದು ನಾನು ನಂಬಿದ್ದೇನೆ.

ಒಡೆಯರಾದ ಮೇಲೆ ವೀರಣ್ಣನವರು ಮಾಡಿದ ಕೆಲಸಗಳಲ್ಲಿ ಅತಿ ಮುಖ್ಯವೆಂದು ನನಗೆ ತೋರುವುದು ಸ್ತ್ರೀಯರನ್ನು ರಂಗಕ್ಕೆ ತಂದದ್ದು. ಅಲ್ಲಿಯವರೆಗೆ ಸೀತೆ, ದ್ರೌಪದಿಯರೆಲ್ಲ ಗಂಡಸರೇ. ಹೆಣ್ಣುಮಕ್ಕಳು ಬಣ್ಣ ಹಚ್ಚಿದರೆ ಕುಲಕ್ಕೇ ಕಳಂಕವೆಂಬ ಭಾವನೆ ಬಲವಾಗಿತ್ತು. ಗುಬ್ಬಿ ಕಂಪನಿಯು ಸ್ತ್ರೀಪಾತ್ರಗಳನ್ನು ಸ್ತ್ರೀಯರಿಗೇ ಕೊಟ್ಟಿತು. ಅವರಿಗೆ ಸಂಗೀತ ಕಲಿಸಿತು, ಮಾತು ತಿದ್ದಿತು, ಸಂಬಳ ಕೊಟ್ಟಿತು, ಗೌರವದ ವಸತಿ ಕೊಟ್ಟಿತು. ಬಿ. ಜಯಮ್ಮನವರಂಥ ಅಭಿನೇತ್ರಿ, ಅಶ್ವತ್ಥಮ್ಮನವರಂಥ ಗಾಯಕಿನಟಿ ಕನ್ನಡಕ್ಕೆ ದೊರೆತದ್ದು ಹೀಗೆ. ಹನ್ನೆರಡನೆಯ ಶತಮಾನದಲ್ಲಿ ಅನುಭವದ ಗೋಷ್ಠಿಯಲ್ಲಿ ಅಕ್ಕಂದಿರು ಕುಳಿತು ಮಾತನಾಡಿದ ನಾಡು ಇದು. ರಂಗದ ಮೇಲೆ ಹೆಣ್ಣಿನ ಧ್ವನಿ ಹೆಣ್ಣಿನದೇ ಆಗಿ ಕೇಳಲು ಇಲ್ಲಿ ಇಪ್ಪತ್ತನೆಯ ಶತಮಾನದವರೆಗೆ ಕಾಯಬೇಕಾಯಿತು.

ಜಯಮ್ಮನವರು ವೀರಣ್ಣನವರ ಪತ್ನಿಯೂ ಆದರು. ಅವರಿಗೆ ಅದು ಮೊದಲ ವಿವಾಹವಾಗಿರಲಿಲ್ಲ. ಅಂದಿನ ಸಮಾಜದಲ್ಲಿ ಇದು ಅಪರೂಪವಲ್ಲದಿದ್ದರೂ ಇಂದು ನಾವು ಒಪ್ಪುವ ನಡೆಯಲ್ಲ. ಹಿರಿಯರ ಚರಿತ್ರೆ ಬರೆಯುವಾಗ ಇಂಥದ್ದನ್ನು ಮರೆಮಾಚುವುದೂ ಸರಿಯಲ್ಲ. ಕಂಪನಿಯ ಕೀರ್ತಿಯ ಹಿಂದೆ ಆ ಮನೆಯ ಹೆಣ್ಣುಮಕ್ಕಳು ಹೊತ್ತ ಭಾರವಿದೆ. ಹೆಂಡತಿಯರು, ಮಕ್ಕಳು, ಮೊಮ್ಮಕ್ಕಳು ಕಂಪನಿಯನ್ನೇ ಮನೆಯಾಗಿಸಿಕೊಂಡು ಬಾಳಿದರು. ಪೆಟ್ಟಿಗೆಗಳ ಮಗ್ಗುಲಲ್ಲಿ ತೊಟ್ಟಿಲು ಕಟ್ಟಿ, ಮಗುವನ್ನು ಮಲಗಿಸಿ, ಮುಖಕ್ಕೆ ಬಣ್ಣ ಹಚ್ಚಿಕೊಂಡು ರಂಗಕ್ಕೆ ಹೋದ ತಾಯಂದಿರ ಕಥೆಯನ್ನು ಯಾರೂ ಪೂರ್ತಿಯಾಗಿ ಬರೆದಿಲ್ಲ.

ಇನ್ನು ವೈಭವದ ಮಾತು. ಗ್ಯಾಸ್ ದೀಪದಲ್ಲಿ ನಾಟಕವಾಡುತ್ತಿದ್ದ ಕಾಲದಲ್ಲಿ ವೀರಣ್ಣನವರು ಡೈನಮೋ ತರಿಸಿ ರಂಗಕ್ಕೆ ವಿದ್ಯುದ್ದೀಪ ಕೊಟ್ಟರು. ಪರದೆ, ಉಡುಪು, ಯಂತ್ರಚಮತ್ಕಾರಗಳಲ್ಲಿ ಪಾರ್ಸಿ ಕಂಪನಿಗಳಿಗೆ ಸರಿಮಿಗಿಲೆನಿಸಿದರು. 1934ರಲ್ಲಿ ಅವರು ಆಡಿಸಿದ ‘ಕುರುಕ್ಷೇತ್ರ’ ನಾಟಕದಲ್ಲಿ ನಿಜವಾದ ಆನೆ ಕುದುರೆಗಳು ರಂಗಕ್ಕೆ ಬಂದವು. ಪರದೆಯ ಮೇಲಿನ ಚಿತ್ರವಲ್ಲ, ಬಿದಿರು ಕಾಗದದ ಬೊಂಬೆಯಲ್ಲ; ಜೀವಂತ ಆನೆ. ಆ ನಾಟಕವನ್ನು ಬರೆದುಕೊಟ್ಟವರು ಬಿ. ಪುಟ್ಟಸ್ವಾಮಯ್ಯನವರು. ಮುಂದೆ ಬಸವಣ್ಣನವರ ಕಲ್ಯಾಣವನ್ನು ಕುರಿತ ‘ಕ್ರಾಂತಿ ಕಲ್ಯಾಣ’ ಕಾದಂಬರಿಗೆ 1964ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಪುಟ್ಟಸ್ವಾಮಯ್ಯನವರೂ ಇವರೇ. ನಮ್ಮ ಅನೇಕ ಮಠಗಳ ಗ್ರಂಥಾಲಯಗಳಲ್ಲಿ ಆ ಕಾದಂಬರಿಯಿದೆ. ಅದರ ಸಂಭಾಷಣೆಗಳ ಓಟವನ್ನು ಮೆಚ್ಚುವವರು, ಆ ಕೈ ಪಳಗಿದ್ದು ಕಂಪನಿ ನಾಟಕಗಳ ತಾಲೀಮಿನ ಮನೆಯಲ್ಲಿ ಎಂಬುದನ್ನು ಅರಿತಿರುವುದು ಕಡಮೆ.

ಈ ವೈಭವವನ್ನು ಎಲ್ಲರೂ ಮೆಚ್ಚಲಿಲ್ಲ. ಬೆಂಗಳೂರಿನ ಹವ್ಯಾಸಿ ರಂಗದವರು, ಟಿ. ಪಿ. ಕೈಲಾಸಂ ಅವರ ಸಾಮಾಜಿಕ ನಾಟಕಗಳಿಂದ ಪ್ರಭಾವಿತರಾದ ವಿದ್ಯಾವಂತರು, ಕಂಪನಿ ನಾಟಕವೆಂದರೆ ಅಬ್ಬರ, ಹಾಡಿನ ಹೊರೆ, ಹೊಳೆಯುವ ಪರದೆ ಎಂದು ಮೂಗು ಮುರಿದರು. ಆ ಟೀಕೆಯಲ್ಲಿ ಸತ್ಯವಿಲ್ಲದಿಲ್ಲ. ಆನೆ ಬಂದಾಗ ಜನ ಆನೆಯನ್ನು ನೋಡುತ್ತಾರೆಯೇ ಹೊರತು ಅರ್ಜುನನ ವಿಷಾದವನ್ನಲ್ಲ. ಆದರೂ ಹವ್ಯಾಸಿ ನಾಟಕಗಳು ಪಟ್ಟಣದ ಸಭಾಂಗಣಗಳನ್ನು ದಾಟಿ ಹೋಗದಿದ್ದ ದಿನಗಳಲ್ಲಿ, ಅಕ್ಷರ ಬಾರದ ರೈತನಿಗೆ ಭಾರತ ಭಾಗವತಗಳನ್ನು, ಒಳ್ಳೆಯ ಕನ್ನಡದ ಮಾತನ್ನು, ಶಾಸ್ತ್ರೀಯ ರಾಗಗಳನ್ನು ತಲುಪಿಸಿದ್ದು ಈ ಕಂಪನಿಗಳೇ. ನೆಲದ ಟಿಕೆಟು ಕೊಂಡು ಕುಳಿತವನ ಮನಸ್ಸನ್ನು ಗೌರವಿಸುವುದನ್ನು ವೀರಣ್ಣನವರು ಬಲ್ಲವರಾಗಿದ್ದರು. ನನ್ನ ಒಲವು ಈ ವಿಷಯದಲ್ಲಿ ಅವರ ಕಡೆಗೇ ಇದೆಯೆಂದು ಒಪ್ಪಿಕೊಳ್ಳುತ್ತೇನೆ.

ಮೈಸೂರು ಅರಸರ ಮನ್ನಣೆ, ನಾಟಕರತ್ನವೆಂಬ ಬಿರುದು, ಕರ್ನಾಟಕಾಂಧ್ರ ನಾಟಕ ಸಾರ್ವಭೌಮರೆಂಬ ಜನಪ್ರಶಸ್ತಿ ಇವೆಲ್ಲ ಅವರಿಗೆ ಸಂದವು. ಆಂಧ್ರ ಸೀಮೆಯಲ್ಲಿ ಕಂಪನಿ ತೆಲುಗಿನಲ್ಲಿಯೇ ಆಡುತ್ತಿತ್ತು. ಒಂದೇ ನಾಟಕವನ್ನು ಎರಡು ಮೂರು ಭಾಷೆಗಳಲ್ಲಿ ಆಡಬಲ್ಲ ನಟರಿದ್ದರು. ಹಣವೂ ಬಂತು, ಬಂದಷ್ಟೇ ವೇಗವಾಗಿ ಹೋಯಿತು. ಒಂದು ನಾಟಕದಲ್ಲಿ ಗಳಿಸಿದ್ದನ್ನು ಮುಂದಿನ ನಾಟಕದ ಸೀನಿಗೆ ಸುರಿಯುವುದು ಅವರ ಸ್ವಭಾವವಾಗಿತ್ತು. ಲಾಭನಷ್ಟದ ಪುಸ್ತಕ ಬರೆಯುವ ನನ್ನಂಥ ಕಾರ್ಯದರ್ಶಿಗೆ ಇದನ್ನು ಓದುವಾಗಲೇ ಎದೆ ಡವಗುಟ್ಟುತ್ತದೆ.

ಈ ಸ್ವಭಾವವೇ ಅವರನ್ನು ಸಿನಿಮಾ ಕಡೆಗೆ ಎಳೆಯಿತು. ಸಿನಿಮಾ ಬಂದರೆ ನಾಟಕಕ್ಕೆ ಕುತ್ತೆಂದು ಕಂಪನಿಯವರೆಲ್ಲ ಹೆದರುತ್ತಿದ್ದ ಕಾಲದಲ್ಲಿ ವೀರಣ್ಣನವರು ತಾವೇ ಹೋಗಿ ಅದರ ಬಾಗಿಲು ತಟ್ಟಿದರು. ಮೂಕಿಚಿತ್ರಗಳ ಕೊನೆಯ ವರ್ಷಗಳಲ್ಲಿ ಬೆಂಗಳೂರಿನ ಮಲ್ಲೇಶ್ವರದಲ್ಲಿ ಸ್ಟುಡಿಯೋ ಕಟ್ಟಿ, ಚಿತ್ರಗಳನ್ನು ತಯಾರಿಸಿದರು. ವೈ. ವಿ. ರಾವ್ ನಿರ್ದೇಶಿಸಿದ ‘ಹರಿಮಾಯಾ’ ಅವುಗಳಲ್ಲೊಂದು. ಆದರೆ 1931ರಲ್ಲಿ ‘ಆಲಂ ಆರಾ’ ಬಂದು ಹಿಂದಿಯಲ್ಲಿ ಚಿತ್ರಗಳು ಮಾತನಾಡತೊಡಗಿದವು. 1934ರಲ್ಲಿ ‘ಸತಿ ಸುಲೋಚನ’ದಿಂದ ಕನ್ನಡವೂ ಬೆಳ್ಳಿತೆರೆಯ ಮೇಲೆ ಮಾತು ಕಲಿತಿತು. ಮೂಕಿಚಿತ್ರಕ್ಕೆಂದು ಹೂಡಿದ ಶ್ರಮಕ್ಕೆ ಬೆಲೆಯಿಲ್ಲದಾಯಿತು. ಇನ್ನೊಬ್ಬರಾಗಿದ್ದರೆ ಅಲ್ಲಿಗೆ ಕೈಮುಗಿಯುತ್ತಿದ್ದರು. ವೀರಣ್ಣನವರು ಮಾರನೆಯ ವರ್ಷ, 1935ರಲ್ಲಿ, ತಮ್ಮ ‘ಸದಾರಮೆ’ಯನ್ನೇ ವಾಕ್ಚಿತ್ರವಾಗಿಸಿದರು. ಅನಂತರ ‘ಸುಭದ್ರಾ’, 1942ರಲ್ಲಿ ‘ಜೀವನ ನಾಟಕ’. ಅ. ನ. ಕೃಷ್ಣರಾಯರು ಸಾಹಿತ್ಯ ಒದಗಿಸಿದ ಈ ಎರಡನೆಯ ಚಿತ್ರವು ನಾಟಕದವರ ಬದುಕನ್ನೇ ಕಥೆಯಾಗಿಸಿಕೊಂಡಿತ್ತು. ಮರಾಠಿ ಚಿತ್ರರಂಗದಲ್ಲಿ ಹೆಸರು ಮಾಡಿದ್ದ ಶಾಂತಾ ಹುಬಳೀಕರರು ಅದರಲ್ಲಿ ಅಭಿನಯಿಸಿದರು.

ನಮ್ಮ ವಾಚಕರಿಗೆ ಹೆಚ್ಚು ಹತ್ತಿರವಾದದ್ದು 1940ರ ದಶಕದ ನಡುವಿನಲ್ಲಿ ಬಂದ ‘ಹೇಮರೆಡ್ಡಿ ಮಲ್ಲಮ್ಮ’. ಶ್ರೀಶೈಲ ಮಲ್ಲಿಕಾರ್ಜುನನನ್ನೇ ನಂಬಿ, ಅತ್ತೆಮನೆಯ ಕಷ್ಟಗಳನ್ನು ಸಹಿಸಿ, ಮಹಾಸಾಧ್ವಿಯೆನಿಸಿದ ಮಲ್ಲಮ್ಮನ ಚರಿತ್ರೆಯನ್ನು ಹಳ್ಳಿಗಳಲ್ಲಿ ಹೆಂಗಸರು ಬೀಸುವಾಗ ಹಾಡಿಕೊಳ್ಳುತ್ತಿದ್ದರು. ಆ ಕಥೆ ತೆರೆಗೆ ಬಂದಾಗ ಟಾಕೀಸಿನ ಮೆಟ್ಟಿಲು ತುಳಿಯದಿದ್ದ ಮನೆತನಗಳ ಹೆಂಗಸರಿಗೂ ಸಿನಿಮಾ ನೋಡಲು ಅಪ್ಪಣೆ ಸಿಕ್ಕಿತೆಂದು ನಮ್ಮ ಹಿರಿಯರು ಹೇಳುತ್ತಿದ್ದರು. ಅದೇ ದಾರಿಯಲ್ಲಿ 1954ರಲ್ಲಿ ‘ಬೇಡರ ಕಣ್ಣಪ್ಪ’ ಬಂತು. ಕಾಳಹಸ್ತಿಯ ಬೇಡನೊಬ್ಬ ಶಾಸ್ತ್ರವರಿಯದೆ, ಮಡಿಯರಿಯದೆ, ಶಿವನಿಗೆ ತನ್ನ ಕಣ್ಣನ್ನೇ ಕಿತ್ತುಕೊಟ್ಟ ಕಥೆಯನ್ನು ಶಿವಭಕ್ತರಿಗೆ ಹೊಸದಾಗಿ ಹೇಳಬೇಕಿಲ್ಲ. ಗುಬ್ಬಿ ಕಂಪನಿಯ ನಾಟಕವಾಗಿದ್ದ ಅದನ್ನು ವೀರಣ್ಣನವರ ಗುಬ್ಬಿ ಕರ್ನಾಟಕ ಪ್ರೊಡಕ್ಷನ್ಸ್ ಚಿತ್ರವಾಗಿಸಿತು. ನಿರ್ದೇಶಕರು ಎಚ್. ಎಲ್. ಎನ್. ಸಿಂಹ.

ಆ ಚಿತ್ರದ ಕಣ್ಣಪ್ಪನ ಪಾತ್ರಕ್ಕೆ ಆಯ್ಕೆಯಾದವರು ಮುತ್ತುರಾಜ್ ಎಂಬ ಕಂಪನಿಯ ಹುಡುಗ. ಅವರ ತಂದೆ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರು ಗುಬ್ಬಿ ಕಂಪನಿಯ ಪ್ರಸಿದ್ಧ ನಟರಾಗಿದ್ದರು. ಮಗ ಚಿಕ್ಕಂದಿನಲ್ಲಿಯೇ ತಂದೆಯ ಬೆನ್ನಿಗೆ ಬಂದು ಕಂಪನಿಯ ಊಟ ಉಂಡು, ಕಂಪನಿಯ ತಾಲೀಮಿನಲ್ಲಿ ಮಾತು ಕಲಿತವರು. ಶಾಲೆಯ ಮೆಟ್ಟಿಲು ಹೆಚ್ಚು ಹತ್ತದ ಆ ಯುವಕನ ಕನ್ನಡದ ಉಚ್ಚಾರಣೆಯನ್ನು ಮುಂದೆ ವಿದ್ವಾಂಸರೂ ತಲೆದೂಗಿ ಕೇಳಿದರು. ಸಿಂಹ ಅವರು ಆತನಿಗೆ ರಾಜ್‌ಕುಮಾರ್ ಎಂದು ಹೆಸರಿಟ್ಟರು. ಆಮೇಲಿನದು ನಾಡಿಗೇ ಗೊತ್ತಿರುವ ಕಥೆ. ನಗೆನಟ ನರಸಿಂಹರಾಜು ಅವರೂ ಪ್ರಸಿದ್ಧಿಗೆ ಬಂದದ್ದು ಇದೇ ಚಿತ್ರದಿಂದ.

ವೀರಣ್ಣನವರ ಕಂಪನಿಯ ಒಲೆಯ ಅನ್ನ ಉಂಡು ಬೆಳೆದವರ ಪಟ್ಟಿ ಕೊಡಲು ಹೊರಟರೆ ಇನ್ನೊಂದು ಲೇಖನ ಬೇಕು. ಎಂಟನೆಯ ವಯಸ್ಸಿಗೆ ಕಂಪನಿ ಸೇರಿದ ಜಿ. ವಿ. ಅಯ್ಯರ್ ಅವರು ಮುಂದೆ ಸಂಸ್ಕೃತ ಭಾಷೆಯ ಮೊದಲ ಚಲನಚಿತ್ರವಾದ ‘ಆದಿ ಶಂಕರಾಚಾರ್ಯ’ವನ್ನು ನಿರ್ದೇಶಿಸಿದರು. ಆದರೆ ಒಬ್ಬರ ವಿಷಯವನ್ನು ಮಾತ್ರ ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ದಕ್ಷಿಣ ಕನ್ನಡದಿಂದ ಮನೆಬಿಟ್ಟು ಓಡಿಬಂದ ಒಬ್ಬ ಬಾಲಕ ಕಂಪನಿ ಸೇರಿದ. ಹುಡುಗನಲ್ಲಿ ಸಂಗೀತದ ಹಸಿವೂ ಓದಿನ ಹಸಿವೂ ಇದ್ದವು. ಕಂಪನಿಗೆ ಒಳ್ಳೆಯ ನಟನೊಬ್ಬ ಸಿಕ್ಕನೆಂದು ಸುಮ್ಮನಿರಬಹುದಾಗಿತ್ತು. ಒಡೆಯನ ಲಾಭ ಅದರಲ್ಲಿಯೇ ಇತ್ತು. ವೀರಣ್ಣನವರು ಆತನನ್ನು ಕಾಶಿಗೆ ಕಳಿಸಿದರು. ಆ ಹುಡುಗ ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಹಿಂದಿಯ ಎಂ.ಎ. ಪದವಿ ಪಡೆದು, ಪಂಡಿತ್ ಓಂಕಾರನಾಥ ಠಾಕೂರರಲ್ಲಿ ಹಿಂದೂಸ್ಥಾನಿ ಸಂಗೀತ ಕಲಿತ. ಆತನೇ ಬಿ. ವಿ. ಕಾರಂತ. ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯ ನಿರ್ದೇಶಕರಾಗಿ, ಮೈಸೂರಿನ ರಂಗಾಯಣದ ಸ್ಥಾಪಕ ನಿರ್ದೇಶಕರಾಗಿ, ಭಾರತದ ರಂಗಸಂಗೀತಕ್ಕೆ ಹೊಸ ದಾರಿ ತೋರಿದವರು. ಹೆಚ್ಚು ಶಾಲೆ ಕಾಣದ ಒಬ್ಬ ಹಾಸ್ಯನಟ, ತನ್ನ ಕಂಪನಿಯ ಹುಡುಗನೊಬ್ಬ ಎಂ.ಎ. ಓದಲೆಂದು ಕಂಪನಿಯಿಂದ ಬಿಡುಗಡೆ ಮಾಡಿ ಕಳಿಸಿದ ಸಂಗತಿಯನ್ನು, ಬಡ ವಿದ್ಯಾರ್ಥಿಗಳಿಗೆ ಉಚಿತ ಪ್ರಸಾದ ನಿಲಯಗಳನ್ನು ನಡೆಸುವ ಮಠಗಳ ಭಕ್ತರು ಗಮನಿಸಬೇಕು. ಕಾರಂತರು ಮುಂದೆ ಆಧುನಿಕ ರಂಗಭೂಮಿಯಲ್ಲಿ ಕಂಪನಿ ನಾಟಕದ ಹಾಡನ್ನೂ ಲಯವನ್ನೂ ಗೌರವದಿಂದ ಮರಳಿ ತಂದರು. ಕಂಪನಿ ನಾಟಕವನ್ನು ಕಂಡು ಮೂಗು ಮುರಿದವರಿಗೆ ಉತ್ತರ ದೊರೆತದ್ದು ಹೀಗೆ, ಅವರದೇ ಸಭಾಂಗಣಗಳಲ್ಲಿ.

ಸ್ವಾತಂತ್ರ್ಯಾನಂತರ ಕಾಲ ಬದಲಾಯಿತು. ತಾಲ್ಲೂಕು ಕೇಂದ್ರಗಳಲ್ಲೆಲ್ಲ ಖಾಯಂ ಟಾಕೀಸುಗಳೆದ್ದವು; ಜನ ಎರಡೂವರೆ ಗಂಟೆಯ ಚಿತ್ರಕ್ಕೆ ಒಗ್ಗಿಕೊಂಡರು; ರಾತ್ರಿಯಿಡೀ ಕುಳಿತು ನಾಟಕ ನೋಡುವ ತಾಳ್ಮೆ ಕರಗಿತು. ಕಂಪನಿಯಲ್ಲಿ ಪಳಗಿದ ನಟರು ಒಬ್ಬೊಬ್ಬರಾಗಿ ಮದರಾಸಿನ ಸ್ಟುಡಿಯೋಗಳ ಕಡೆ ಹೊರಟರು. ತಾವೇ ತೆರೆದ ಬಾಗಿಲಿನಿಂದ ತಮ್ಮ ಮಕ್ಕಳೇ ಹೊರಹೋಗುವುದನ್ನು ವೀರಣ್ಣನವರು ನೋಡಬೇಕಾಯಿತು. ಆದರೂ ಕಂಪನಿಯನ್ನು ಮುಚ್ಚಲಿಲ್ಲ. ಅವರಿಗೆ 1955ರಲ್ಲಿ ಕೇಂದ್ರ ಸಂಗೀತ ನಾಟಕ ಅಕಾಡೆಮಿಯ ಪ್ರಶಸ್ತಿ ಬಂತು. ವಯಸ್ಸು ಎಪ್ಪತ್ತನ್ನು ದಾಟಿದ ಮೇಲೂ ಅವರ ಮನಸ್ಸು ಕಂಪನಿಯ ಕ್ಯಾಂಪಿನಲ್ಲಿಯೇ ಇತ್ತು. ಭಾರತ ಸರ್ಕಾರವು ಅವರಿಗೆ ಪದ್ಮಶ್ರೀ ನೀಡಿದ್ದು 1972ರಲ್ಲಿ. ಅದೇ ವರ್ಷ ಅಕ್ಟೋಬರ್ ತಿಂಗಳಲ್ಲಿ, ತಮ್ಮ 81ನೆಯ ವಯಸ್ಸಿನಲ್ಲಿ, ಅವರು ಇಹಲೋಕವನ್ನು ಬಿಟ್ಟರು.

ಈಗ ತುಮಕೂರಿನಲ್ಲಿ ಗುಬ್ಬಿ ವೀರಣ್ಣ ಕಲಾಕ್ಷೇತ್ರವಿದೆ. ರಾಜ್ಯ ಸರ್ಕಾರವು ರಂಗಭೂಮಿಯ ಸಾಧಕರಿಗೆ ಅವರ ಹೆಸರಿನಲ್ಲಿ ಪ್ರಶಸ್ತಿ ಕೊಡುತ್ತಿದೆ. ಅವರ ಮೊಮ್ಮಗಳು ಬಿ. ಜಯಶ್ರೀಯವರು ಬಾಲ್ಯದಲ್ಲಿ ತಾತನ ಕಂಪನಿಯ ಪರದೆಗಳ ನಡುವೆ ಆಡಿ ಬೆಳೆದು, ದೆಹಲಿಯ ನಾಟಕ ಶಾಲೆಯಲ್ಲಿ ಕಲಿತು, ರಾಜ್ಯಸಭೆಯ ನಾಮನಿರ್ದೇಶಿತ ಸದಸ್ಯರಾಗಿ, ತಾತನಿಗೆ ಸಂದ ಪದ್ಮಶ್ರೀಯನ್ನು 2013ರಲ್ಲಿ ತಾವೂ ಪಡೆದರು.

ಜಯಶ್ರೀಯವರು ತಮ್ಮ ಸ್ಪಂದನ ತಂಡದಿಂದ ‘ಸದಾರಮೆ’ಯನ್ನು ಮತ್ತೆ ರಂಗಕ್ಕೆ ತಂದ ಕಾಲದಲ್ಲಿ ನಾನಿನ್ನೂ ಮೈಸೂರಿನಲ್ಲಿ ವಿದ್ಯಾರ್ಥಿ. ಒಂದು ಪ್ರದರ್ಶನಕ್ಕೆ ಅಜ್ಜಿಯನ್ನು ಕರೆದುಕೊಂಡು ಹೋಗಿದ್ದೆ. ಅವರಿಗೆ ಕಣ್ಣು ಮಂದವಾಗಿತ್ತು. ಮುಂದಿನ ಸಾಲಿನಲ್ಲಿ ಕೂರಿಸಿದೆ. ಕಳ್ಳ ರಂಗಕ್ಕೆ ಬರುವ ಹೊತ್ತಿಗೆ ಅವರು ನನ್ನ ಕೈ ಹಿಡಿದು, ತಾವು ಅಂದು ಗಾಡಿಯಲ್ಲಿ ಹೋಗಿ ನೋಡಿದ್ದು ಇದೇ ಎಂದು ಪಕ್ಕದವರಿಗೆಲ್ಲ ಕೇಳುವಂತೆ ಹೇಳಿದರು. ಮರಳುವಾಗ ಬಸ್ಸಿನಲ್ಲಿ ಬಹಳ ಹೊತ್ತು ಸುಮ್ಮನಿದ್ದು, ತಮ್ಮ ಅಣ್ಣನ ಹೆಸರು ಹೇಳಿ, ಅವನೂ ಇಂಥದೇ ಯಾವುದಾದರೂ ಪಾತ್ರ ಮಾಡುತ್ತಿದ್ದನೋ ಏನೋ ಎಂದು ಕೇಳಿದರು. ಅಷ್ಟು ವರ್ಷಗಳಲ್ಲಿ ಅವರು ಚಪ್ಪರದ ಆಚೆಗಿನ ಕಥೆಯನ್ನು ಎತ್ತಿದ್ದು ಅದೊಂದೇ ಸಲ.